ಮೂಕ ರೋಗಿಗಳ ದಾದಿ

ನಿಮ್ಮ ಊರಿನ ದನದ ಆಸ್ಪತ್ರೆಯ ಅಂಗಳದಲ್ಲಿ ಎಂದಾದರೂ ಒಂದು ಗಳಿಗೆ ನಿಂತು ನೋಡಿದ್ದೀರಾ? ನಾಲ್ಕು ಕಂಬ ನೆಟ್ಟು ಅಡ್ಡಪಟ್ಟಿ ಹಾಕಿದ ಒಂದು ಚೌಕಟ್ಟು. ಅದರೊಳಗೆ ಬೆದರುಗಣ್ಣು ಬಿಟ್ಟು ನಿಂತ ಒಂದು ಹಸು. ಪಕ್ಕದಲ್ಲಿ ಹಗ್ಗ ಹಿಡಿದ ಯಜಮಾನ. ಡಾಕ್ಟರು ಬರುತ್ತಾರೆ, ಮೈ ಮುಟ್ಟಿ ನೋಡುತ್ತಾರೆ, ಸೂಜಿ ಹಾಕುತ್ತಾರೆ, ಚೀಟಿ ಬರೆದು ಮುಂದಿನ ಹಳ್ಳಿಗೆ ಹೊರಡುತ್ತಾರೆ. ಅವರು ಹೊರಟ ಮೇಲೂ ಒಬ್ಬರು ಅಲ್ಲಿಯೇ ಉಳಿಯುತ್ತಾರೆ. ಗಾಯ ತೊಳೆಯುವವರು ಅವರು, ಪಟ್ಟಿ ಕಟ್ಟುವವರು ಅವರು. ಹಸುವಿನ ತಲೆಯೆತ್ತಿ ಗೊಟ್ಟದಿಂದ ಔಷಧಿ ಕುಡಿಸಿ, ಗಂಗೆದೊಗಲನ್ನು ಸವರಿ, "ಇವತ್ತು ಹಿಂಡಿ ಬೇಡಿ ಯಜಮಾನರೆ, ಒಣಹುಲ್ಲು ಹಾಕಿ, ನಾಳೆ ಬೆಳಿಗ್ಗೆ ಸಗಣಿ ಹೇಗಿದೆ ನೋಡಿಕೊಂಡು ಬಂದು ಹೇಳಿ" ಎನ್ನುವವರೂ ಅವರೇ.

ಅವರ ಹೆಸರೇನು? ಹೆತ್ತವರಿಟ್ಟ ಹೆಸರನ್ನು ನಾನು ಕೇಳುತ್ತಿಲ್ಲ. ಅವರ ಕೆಲಸದ ಹೆಸರನ್ನು ಕೇಳುತ್ತಿದ್ದೇನೆ. ಹಳ್ಳಿಯವರು ಒಮ್ಮೆ "ಕಾಂಪೌಂಡರು" ಎಂದರು, ಒಮ್ಮೆ "ಸ್ಟಾಕ್‌ಮನ್" ಎಂದರು. ಬಹುಮಂದಿ ಅವರನ್ನೂ "ದನದ ಡಾಕ್ಟ್ರೇ" ಎಂದು ಕರೆದು ಸುಲಭವಾಗಿ ಮುಗಿಸಿಬಿಟ್ಟರು. ಮನುಷ್ಯರ ಆಸ್ಪತ್ರೆಯಲ್ಲಿ ವೈದ್ಯರು ಬೇರೆ, ದಾದಿ ಬೇರೆ ಎಂಬುದು ಮಗುವಿಗೂ ಗೊತ್ತು. ಪ್ರಾಣಿಗಳಿಗೂ ದಾದಿ ಬೇಕು, ಆ ದಾದಿಗೆ ಶಿಕ್ಷಣ ಬೇಕು, ಆ ಶಿಕ್ಷಣಕ್ಕೊಂದು ಮನ್ನಣೆ ಬೇಕು ಎಂಬುದನ್ನು ಲೋಕ ಒಪ್ಪಿಕೊಂಡದ್ದು ಮಾತ್ರ ತೀರ ತಡವಾಗಿ. ಕೆಲಸ ಪುರಾತನ, ಹೆಸರು ಹೊಸದು. ಈ ಎರಡರ ನಡುವಿನ ದೂರವನ್ನು ನಿಮ್ಮೊಡನೆ ನಡೆದು ನೋಡಬೇಕೆಂಬುದೇ ಈ ಬರಹದ ಉದ್ದೇಶ.

ಕೆಲಸ ಎಷ್ಟು ಪುರಾತನ ಎಂಬುದಕ್ಕೆ ಸಾಕ್ಷಿ ನಮ್ಮ ಮೈಸೂರಿನಲ್ಲಿಯೇ ದೊರೆಯಿತು. ಅಲ್ಲಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ 1905ರಲ್ಲಿ ಬಂದ ಓಲೆಗರಿಯ ಕಟ್ಟು 1909ರಲ್ಲಿ ಅಚ್ಚಾಗಿ ಹೊರಬಂದಾಗ, ಕೌಟಿಲ್ಯನ ಅರ್ಥಶಾಸ್ತ್ರವನ್ನು ವಿದ್ವಾಂಸರು ಬೆರಗಿನಿಂದ ಓದಿದರು. ಎಲ್ಲರೂ ಅದರಲ್ಲಿ ರಾಜನೀತಿಯನ್ನು ಹುಡುಕಿದರು. ನೀವು ಒಮ್ಮೆ ಅದರ ಗಜಾಧ್ಯಕ್ಷನ ಪ್ರಕರಣವನ್ನು ತೆರೆದು ನೋಡಿ. ಆನೆಯ ಪರಿಚಾರಕರ ಪಟ್ಟಿಯೊಂದು ಅಲ್ಲಿದೆ. ಮೊದಲ ಹೆಸರು ಚಿಕಿತ್ಸಕನದು, ಎಂದರೆ ವೈದ್ಯನದು. ಆಮೇಲೆ ಮಾವಟಿಗರು, ಮೈ ನೋಡಿಕೊಳ್ಳುವ ಔಪಚಾರಿಕ, ಆಹಾರ ಬೇಯಿಸುವ ವಿಧಾಪಾಚಕ, ಹುಲ್ಲು ತರುವ ಯಾವಸಿಕ, ಲಾಯ ಕಾಯುವ ಕುಟೀರಕ್ಷಕ. ಕಡೆಯಲ್ಲಿ ಬರುವವನು ಔಪಶಾಯಿಕ, ಎಂದರೆ ರಾತ್ರಿ ಆನೆಯ ಬಳಿಯೇ ಮಲಗುವವನು. ಲಾಯವನ್ನು ಶುಚಿಯಾಗಿಡದಿದ್ದರೆ, ಮೇವು ಕೊಡದಿದ್ದರೆ, ಬರಿ ನೆಲದ ಮೇಲೆ ಆನೆಯನ್ನು ಮಲಗಿಸಿದರೆ ದಂಡವನ್ನೂ ಅಲ್ಲಿ ವಿಧಿಸಿದೆ. ಗೋವುಗಳ ಪ್ರಕರಣದಲ್ಲಿ, ಎಳೆಗರು, ಮುದಿದನ, ರೋಗಿಷ್ಠ ದನಗಳ ಆರೈಕೆಯನ್ನು ಗೋಪಾಲಕರೇ ಮಾಡತಕ್ಕದ್ದು ಎಂಬ ವಿಧಿಯಿದೆ. ಶುಚಿತ್ವ, ಪಥ್ಯ, ಹಾಸಿಗೆ, ರಾತ್ರಿಯ ಕಾವಲು: ಇಂದಿನ ಶುಶ್ರೂಷೆಯ ಪಾಠವೂ ಈ ನಾಲ್ಕರಿಂದಲೇ ಮೊದಲಾಗುತ್ತದೆ.

ಕನ್ನಡಕ್ಕೂ ಈ ವಿದ್ಯೆ ಹೊಸದಲ್ಲ. ಚಾಲುಕ್ಯ ರಾಜಮನೆತನದ ಕೀರ್ತಿವರ್ಮ ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ "ಗೋವೈದ್ಯ"ವೆಂಬ ಗ್ರಂಥವನ್ನು ಕನ್ನಡದಲ್ಲಿಯೇ ಬರೆದ. ಅರಮನೆಯವನೊಬ್ಬ ದನದ ಕೊಟ್ಟಿಗೆಯ ವಿದ್ಯೆಯನ್ನು ಬರವಣಿಗೆಗೆ ತಕ್ಕದ್ದೆಂದು ಬಗೆದದ್ದು ಸಣ್ಣ ಮಾತಲ್ಲ.

ಆಂಗ್ಲರ ಆಳ್ವಿಕೆ ಬಂದಾಗ ಈ ವಿದ್ಯೆಗೆ ಹೊಸ ಶಾಲೆಗಳಾದವು, ಜೊತೆಗೆ ಹೊಸ ಮೆಟ್ಟಿಲುಗಳೂ ಆದವು. ಅಶ್ವದಳಗಳಲ್ಲಿ ಕುದುರೆಯ ಗಾಯಕ್ಕೆ ಮದ್ದು ಹಾಕುವ ದೇಶೀಯನನ್ನು "ಸಾಲೋತ್ರಿ" ಎಂದು ಕರೆಯುತ್ತಿದ್ದರು. ಅಶ್ವಶಾಸ್ತ್ರದ ಮೂಲಪುರುಷನೆನಿಸಿದ ಶಾಲಿಹೋತ್ರನ ಹೆಸರೇ ಸವೆದು ಸವೆದು ಒಂದು ಚಿಕ್ಕ ಹುದ್ದೆಯ ಹೆಸರಾಗಿತ್ತು. 1882ರಲ್ಲಿ ಲಾಹೋರಿನಲ್ಲಿ, 1886ರಲ್ಲಿ ಮುಂಬಯಿಯಲ್ಲಿ, 1903ರಲ್ಲಿ ಮದರಾಸಿನಲ್ಲಿ ಪಶುವೈದ್ಯ ವಿದ್ಯಾಲಯಗಳು ತೆರೆದವು. ಅಲ್ಲಿ ಕಲಿತು ಹೊರಬಂದ ಭಾರತೀಯನಿಗೆ ಸರ್ಕಾರ ಕೊಟ್ಟ ಹುದ್ದೆಯ ಹೆಸರು "ವೆಟರ್ನರಿ ಅಸಿಸ್ಟೆಂಟ್". ಜಿಲ್ಲೆಯ ದನಕರುಗಳ ರೋಗವನ್ನೆಲ್ಲ ಅವನೇ ನೋಡುತ್ತಿದ್ದ; ಆದರೂ ಹೆಸರಿನಲ್ಲಿ ಸಹಾಯಕ. ಇಲಾಖೆಯ ಮೇಲಿನ ಪೀಠಗಳು ಇಂಗ್ಲೆಂಡಿನಲ್ಲಿ ಕಲಿತು ಬಂದವರಿಗೆ ಮೀಸಲಾಗಿದ್ದವು. ಮದರಾಸು ವಿದ್ಯಾಲಯ 1930ರ ದಶಕದ ನಡುವೆ ವಿಶ್ವವಿದ್ಯಾನಿಲಯಕ್ಕೆ ಸೇರಿ, ದೇಶದಲ್ಲಿ ಮೊದಲ ಬಾರಿಗೆ ಪಶುವೈದ್ಯಕ್ಕೆ ಪದವಿ ಕೊಡುವಂತಾದ ಮೇಲೆಯೇ ಈ ಮೆಟ್ಟಿಲು ಅಲುಗಾಡಿತು.

ಹೆಸರಿನ ಜಗಳ ಆಳುವವರ ನಾಡಿನಲ್ಲಿಯೂ ಇತ್ತೆಂದರೆ ನಿಮಗೆ ಸೋಜಿಗವಾದೀತು. ಅಲೀನ್ ಕಸ್ಟ್ ಎಂಬ ಐರಿಷ್ ಮಹಿಳೆ ಎಡಿನ್‌ಬರೋದಲ್ಲಿ ಪಶುವೈದ್ಯದ ವ್ಯಾಸಂಗವನ್ನು 1900ರಲ್ಲಿ ಮುಗಿಸಿದಳು. ಹೆಣ್ಣೆಂಬ ಕಾರಣಕ್ಕೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ವೆಟರ್ನರಿ ಸರ್ಜನ್ಸ್ ಅವಳನ್ನು ಪರೀಕ್ಷೆಗೆ ಸೇರಿಸಿಕೊಳ್ಳಲಿಲ್ಲ. ಐರ್ಲೆಂಡಿನ ಹಳ್ಳಿಗಾಡಿನಲ್ಲಿ ಕುದುರೆ, ದನಗಳಿಗೆ ಚಿಕಿತ್ಸೆ ಮಾಡುತ್ತ ಎರಡು ದಶಕಕ್ಕೂ ಮೇಲೆ ಕಾದ ಆಕೆಗೆ ವೈದ್ಯಳೆಂಬ ಹೆಸರು ದಕ್ಕಿದ್ದು 1922ರಲ್ಲಿ.

ವೈದ್ಯಳಾಗುವ ಬಾಗಿಲು ಹೀಗೆ ಮುಚ್ಚಿದ್ದ ಕಾಲದಲ್ಲಿಯೇ ಪಕ್ಕದ ಒಂದು ಕಿಟಕಿ ತೆರೆಯಿತು. 1908ರಲ್ಲಿ ಇಂಗ್ಲೆಂಡಿನಲ್ಲಿ "ಕೆನೈನ್ ನರ್ಸಸ್ ಇನ್‌ಸ್ಟಿಟ್ಯೂಟ್" ಎಂಬ ಸಂಸ್ಥೆ ಹುಟ್ಟಿತು. ನಾಯಿಗಳ ದಾದಿಯರನ್ನು ತಯಾರುಮಾಡುವ ಶಾಲೆ ಅದು. ಪ್ರಾಣಿಗಳ ಮೇಲೆ ನಿಜವಾದ ಅಕ್ಕರೆಯಿರುವ ತರುಣಿಯರಿಗೆ ತಕ್ಕ ಸಂಬಳದ ಉದ್ಯೋಗ ಸಿಗಬೇಕು, ವೈದ್ಯನ ಸೂಚನೆಯನ್ನು ತಿಳಿದು ನಡೆಸುವವರು ನಾಯಿ ಸಾಕುವ ಮನೆಗಳಿಗೆ ದೊರೆಯಬೇಕು ಎಂಬುದು ಅದರ ಗುರಿ. 1913ರಲ್ಲಿ ಲಂಡನ್ನಿನ ಹತ್ತಿರದ ರೈಸ್ಲಿಪ್ಪಿನಲ್ಲಿ ಕಾಯಿಲೆಯ ನಾಯಿಗಳಿಗಾಗಿ ತೆರೆದ ಆರೋಗ್ಯಧಾಮದಲ್ಲಿಯೂ ದಾದಿಯರಿದ್ದರು. 1930ರ ದಶಕದ ನಡುವೆ ಇಂಥವರು ಕೆಲವರು ಕೂಡಿ, ತಮ್ಮ ಕೆಲಸಕ್ಕೆ ಮನ್ನಣೆ ಕೊಡಿ ಎಂದು ರಾಯಲ್ ಕಾಲೇಜನ್ನು ಕೇಳಿಕೊಂಡರು. ಕೇಳಿದ್ದು ಕಿವಿಗೆ ಬಿದ್ದು ಫಲ ಕೊಡಲು ಮತ್ತೆ ಇಪ್ಪತ್ತು ವರ್ಷಗಳಾದವು.

ಆ ಇಪ್ಪತ್ತು ವರ್ಷಗಳಲ್ಲಿ ಪ್ರಾಣಿವೈದ್ಯದ ರೂಪವೇ ಬದಲಾಯಿತು. ಕುದುರೆಯ ಕೆಲಸವನ್ನು ಮೋಟಾರೂ ಟ್ರಾಕ್ಟರೂ ಕಸಿದುಕೊಂಡವು. ಲಾಯದಲ್ಲಿ ನಡೆಯುತ್ತಿದ್ದ ವೈದ್ಯ ಊರೊಳಗಿನ ಚಿಕಿತ್ಸಾಲಯಕ್ಕೆ ಬಂತು. ಅಲ್ಲಿಗೆ ಬರುವ ರೋಗಿಗಳು ನಾಯಿ ಮತ್ತು ಬೆಕ್ಕು. ಪೆನಿಸಿಲಿನ್ ಬಂತು, ಕ್ಷಕಿರಣ ಬಂತು. ಎಲ್ಲಕ್ಕಿಂತ ಮಿಗಿಲಾಗಿ, ಅರಿವಳಿಕೆಯ ವಿದ್ಯೆ ಬೆಳೆಯಿತು. 1956ರಲ್ಲಿ ಹಾಲೋಥೇನ್ ಎಂಬ ಹೊಸ ಅರಿವಳಿಕೆ ಮನುಷ್ಯರ ಚಿಕಿತ್ಸೆಯಲ್ಲಿ ಬಳಕೆಗೆ ಬಂದು, ಬೇಗನೆ ಪ್ರಾಣಿಗಳಿಗೂ ಒದಗಿತು. ಇಲ್ಲಿ ಒಂದು ಸರಳ ಲೆಕ್ಕವಿದೆ, ಗಮನಿಸಿ. ಅರಿವಿರುವ ನಾಯಿಯನ್ನು ನಾಲ್ಕು ಜನ ಹಿಡಿದು ಐದು ನಿಮಿಷದಲ್ಲಿ ಮುಗಿಸುತ್ತಿದ್ದ ಕೆಲಸ, ಅರಿವು ತಪ್ಪಿಸಿದ ಮೇಲೆ ಒಂದು ಗಂಟೆಯ ಶಸ್ತ್ರಚಿಕಿತ್ಸೆಯಾಗಿ ಬೆಳೆಯಿತು. ಆ ಒಂದು ಗಂಟೆ ಪ್ರಾಣಿಯ ಉಸಿರನ್ನು ಎಣಿಸುವವರು ಯಾರು? ಒಸಡಿನ ಬಣ್ಣ ಗುಲಾಬಿಯೋ ನೀಲಿಯೋ ಎಂದು ನೋಡುವವರು ಯಾರು? ತೊಡೆಯ ಒಳಮಗ್ಗುಲಲ್ಲಿ ನಾಡಿ ಹಿಡಿದು ಕೂರುವವರು ಯಾರು? ಕತ್ತಿ ಹಿಡಿದ ಕೈ ನಾಡಿ ಹಿಡಿಯಲಾರದು. ದಾದಿಯನ್ನು ಬೇಕೆನ್ನಿಸಿದ್ದು ಕೇವಲ ಕರುಣೆಯಲ್ಲ; ಹೊಸ ಶಸ್ತ್ರವಿದ್ಯೆಯೇ ಆಕೆಯನ್ನು ಬೇಡಿತು.

1957ರಲ್ಲಿ ರಾಯಲ್ ಕಾಲೇಜು ತಾತ್ತ್ವಿಕವಾಗಿ ಒಪ್ಪಿತು. ಆಗ ಬಂತು ನೋಡಿ, ಹೆಸರಿನ ತೊಡಕು. ಆ ದೇಶದಲ್ಲಿ 1943ರ ಕಾನೂನಿನ ಪ್ರಕಾರ "ನರ್ಸ್" ಎಂಬುದು ಮನುಷ್ಯರ ಶುಶ್ರೂಷೆ ಕಲಿತು ನೋಂದಾಯಿಸಿಕೊಂಡವರಿಗೆ ಮೀಸಲಾದ ಮಾತು. ಮನುಷ್ಯರ ದಾದಿಯರ ಕಡೆಯಿಂದ ಆಕ್ಷೇಪಣೆ ಎದ್ದಿತು. ಅವರನ್ನು ನಾವು ಹಗುರವಾಗಿ ದೂರಬಾರದು. ಆ ಹೆಸರಿಗೊಂದು ಗೌರವ ಗಳಿಸಿಕೊಳ್ಳಲು ಅವರೂ ಬಹುಕಾಲ ಹೆಣಗಿದವರೇ. ಅಂತೂ 1961ರಲ್ಲಿ ಶಿಕ್ಷಣದ ಯೋಜನೆ ಮೊದಲಾದಾಗ ಇಟ್ಟ ಹೆಸರು "ಅನಿಮಲ್ ನರ್ಸಿಂಗ್ ಆಕ್ಸಿಲಿಯರಿ", ಎಂದರೆ ಪ್ರಾಣಿ ಶುಶ್ರೂಷಾ ಸಹಾಯಕಿ. ಮತ್ತೆ ಅದೇ "ಸಹಾಯಕ" ಪದ! ನಮ್ಮ ವೆಟರ್ನರಿ ಅಸಿಸ್ಟೆಂಟನ ನೆನಪು ನಿಮಗೆ ಬಂದಿರಬೇಕು.

ಹೆಸರು ಏನೇ ಇರಲಿ, ಕಲಿಕೆ ಗಟ್ಟಿಯಾಗಿತ್ತು. ಮಂಜೂರಾದ ಚಿಕಿತ್ಸಾಲಯದಲ್ಲಿ ಕೆಲಸ ಮಾಡುತ್ತಲೇ ಓದು, ಆಮೇಲೆ ರಾಯಲ್ ಕಾಲೇಜಿನ ಪರೀಕ್ಷೆ. ಅದೇ 1961ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಒಂದು ಸಣ್ಣ ಊರಿನ ಕಾಲೇಜಿನಲ್ಲಿಯೂ ಇಂಥ ಶಿಕ್ಷಣ ಆರಂಭವಾಯಿತು. ಆ ಊರಿನ ಹೆಸರು ಡೆಲ್ಲಿ! ನಮ್ಮ ರಾಜಧಾನಿಯ ಹೆಸರನ್ನೇ ಹೊತ್ತ ಊರು. ಅಲ್ಲಿನವರ ಬಾಯಲ್ಲಿ ಮಾತ್ರ "ಡೆಲ್‌ಹೈ". ಅಲ್ಲಿ ಇಟ್ಟುಕೊಂಡ ಹೆಸರು "ಅನಿಮಲ್ ಟೆಕ್ನೀಶಿಯನ್". ಅದು "ವೆಟರ್ನರಿ ಟೆಕ್ನೀಶಿಯನ್" ಎಂದಾಗಲು 1989 ಆಗಬೇಕಾಯಿತು. ಇಂಗ್ಲೆಂಡಿನವರಿಗೆ "ವೆಟರ್ನರಿ ನರ್ಸ್" ಎಂಬ ಹೆಸರು 1984ರಲ್ಲಿ ಸಿಕ್ಕಿತು. 1991ರ ತಿದ್ದುಪಡಿ ಕಾನೂನು ಸಾಕುಪ್ರಾಣಿಗಳಿಗೆ ವೈದ್ಯರ ನಿರ್ದೇಶನದಂತೆ ಔಷಧಿ ಕೊಡಲು, ದೇಹದ ಒಳಕುಹರವನ್ನು ತೆರೆಯದ ಸಣ್ಣ ಶಸ್ತ್ರಚಿಕಿತ್ಸೆ ಮಾಡಲು ಅವರಿಗೆ ಅಧಿಕಾರ ಕೊಟ್ಟಿತು. 2002ರಲ್ಲಿ ಅದು ದನ, ಕುದುರೆ ಮೊದಲಾದ ಇತರ ಪ್ರಾಣಿಗಳಿಗೂ ವಿಸ್ತರಿಸಿತು. 2015ರ ರಾಜಸನ್ನದು ಅದೊಂದು ವೃತ್ತಿಯೆಂದೇ ಮನ್ನಿಸಿ, ದಾದಿಯರ ದಾಖಲೆ ಪುಸ್ತಕಕ್ಕೆ ಭದ್ರವಾದ ಸ್ಥಾನ ಕೊಟ್ಟಿತು. 1908ರಿಂದ 2015ಕ್ಕೆ ನೂರ ಏಳು ವರ್ಷ!

ಇಷ್ಟೆಲ್ಲ ಹೆಣಗಿ ಪಡೆದ ಕೆಲಸದಲ್ಲಿ ಏನಿದೆ, ನಾಯಿಯ ಮೈ ತೊಳೆದು ಅನ್ನ ಹಾಕುವುದಕ್ಕೆ ಶಾಲೆ ಬೇಕೆ ಎಂದು ನೀವು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಒಂದೆರಡು ನಿದರ್ಶನ ಕೊಡುತ್ತೇನೆ.

ನಿಮ್ಮ ಮನೆಯ ನಾಯಿಯ ಮೈಕಾವು ಅಳೆದು 101 ಡಿಗ್ರಿ ಕಂಡಿತೆನ್ನಿ. ನಮ್ಮ ಲೆಕ್ಕದಲ್ಲಿ ಅದು ಜ್ವರ. ನಾಯಿಯ ಲೆಕ್ಕದಲ್ಲಿ ಆರೋಗ್ಯ. ಹಸುವಿಗೂ ನೂರ ಒಂದೂವರೆ ಡಿಗ್ರಿಯ ಆಸುಪಾಸು ಸಹಜ. ನೋವಾದ ಮನುಷ್ಯ ನರಳುತ್ತಾನೆ. ನೋವಾದ ಬೆಕ್ಕು ಮೂಲೆ ಸೇರಿ ಸುಮ್ಮನಾಗುತ್ತದೆ. ಅದರ ಮೌನವನ್ನು ನೆಮ್ಮದಿ ಎಂದು ತಿಳಿದರೆ ಪ್ರಾಣಕ್ಕೆ ಸಂಚಕಾರ. ರೋಗಿ ಬಾಯಿಬಿಟ್ಟು ಹೇಳದೆ ಇರುವಲ್ಲಿ ಕಣ್ಣಿಗೇ ಶಿಕ್ಷಣ ಕೊಡಬೇಕಾಗುತ್ತದೆ.

ಇನ್ನು ಕರು ಹಾಕಿದ ಮೇಲೆ ನೆಲಕ್ಕೆ ಬಿದ್ದು ಏಳಲಾರದ ಹಸುವನ್ನು ನೆನೆಸಿಕೊಳ್ಳಿ. ಡಾಕ್ಟರು ಬಂದು ರಕ್ತನಾಳಕ್ಕೆ ಸುಣ್ಣದಂಶದ ಔಷಧಿ ಕೊಟ್ಟರು. ಬಹುಪಾಲು ಹಸುಗಳು ಎದ್ದು ನಿಲ್ಲುತ್ತವೆ, ಕೆಲವು ಏಳುವುದಿಲ್ಲ. ಏಳದ ಹಸುವನ್ನು ಒಂದೇ ಮಗ್ಗುಲಲ್ಲಿ ಬಿಟ್ಟರೆ ಅದರ ಭಾರಕ್ಕೆ ಅಡಿಗಾಲಿನ ಮಾಂಸಖಂಡವೇ ನುಜ್ಜಾಗುತ್ತದೆ. ಪೂರ್ತಿ ಅಡ್ಡ ಮಲಗಿದರೆ ತೇಗು ಹೊರಬರದೆ ಹೊಟ್ಟೆ ಉಬ್ಬರಿಸುತ್ತದೆ. ದಪ್ಪವಾಗಿ ಹುಲ್ಲು ಹಾಸಿ, ಎದೆಯ ಮೇಲೆ ಕೂರುವಂತೆ ಮಾಡಿ, ಹಗಲೂ ಇರುಳೂ ಕೆಲವು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು. ಔಷಧಿ ಕೊಟ್ಟದ್ದು ಹತ್ತು ನಿಮಿಷ. ಮಗ್ಗುಲು ಬದಲಾಯಿಸುವುದು ಮೂರು ದಿನ. ಹಸು ಎದ್ದರೆ ಕೀರ್ತಿ ಸೂಜಿಗೆ ಸಲ್ಲುತ್ತದೆ. ಆ ಮೂರು ದಿನಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

1978ರ ಸುಮಾರಿಗೆ ಲೋಕದ ನಾಯಿಗಳ ಮೇಲೆ ಪಾರ್ವೋ ಎಂಬ ಹೊಸ ವೈರಸ್ ರೋಗ ಎರಗಿತು. ನಾಯಿಮರಿಗಳು ರಕ್ತಭೇದಿಯಾಗಿ ಸಾಯತೊಡಗಿದವು. ವೈರಸ್ಸನ್ನೇ ಕೊಲ್ಲುವ ಮದ್ದು ಕೈಯಲ್ಲಿರಲಿಲ್ಲ. ರಕ್ತನಾಳದ ಮೂಲಕ ದ್ರವ ಕೊಡುತ್ತ, ಮೈ ಬೆಚ್ಚಗಿಡುತ್ತ, ಗಳಿಗೆಗೊಮ್ಮೆ ಒರೆಸಿ ಶುಚಿಮಾಡುತ್ತ, ಸೋಂಕಿನ ರೋಗಿಯನ್ನು ಕಡೆಯಲ್ಲಿ ಮುಟ್ಟುತ್ತ, ಮರಿ ತನ್ನ ಮೈಬಲದಿಂದಲೇ ಗೆಲ್ಲುವವರೆಗೆ ಅದನ್ನು ಉಳಿಸಿಕೊಳ್ಳಬೇಕಾಗಿತ್ತು. ಶುಶ್ರೂಷೆಯೇ ಅಲ್ಲಿ ಚಿಕಿತ್ಸೆ.

ಈ ಕೆಲಸದಲ್ಲಿ ಅಪಾಯವೂ ಉಂಟು. ಒದೆ, ಕಚ್ಚು, ಪರಚು ದಿನನಿತ್ಯದವು. ಹುಚ್ಚುನಾಯಿಯ ರೋಗಕ್ಕೆ ಮುಂಚಿತವಾಗಿಯೇ ಚುಚ್ಚುಮದ್ದು ಹಾಕಿಸಿಕೊಂಡಿರಬೇಕು. ಕಂದು ಹಾಕಿದ ಹಸುವಿನ ಮಾಸನ್ನು ಬರಿಗೈಯಿಂದ ಮುಟ್ಟಿದರೆ, ಬ್ರೂಸೆಲ್ಲೋಸಿಸ್ ರೋಗ ಮುಟ್ಟಿದವರ ಮೈಗೂ ಇಳಿದೀತು.

ಈಗ ಮತ್ತೆ ನಮ್ಮ ನಾಡಿಗೆ ಬರೋಣ. ನಮ್ಮ ಹಿರಿಯರು "ದೊಡ್ಡ ರೋಗ" ಎಂದು ಹೆದರುತ್ತಿದ್ದ ಜಾನುವಾರು ಮಾರಿಯನ್ನು ನೀವು ಕೇಳಿರಬಹುದು, ಇಂಗ್ಲಿಷಿನಲ್ಲಿ ರಿಂಡರ್‌ಪೆಸ್ಟ್. ಅದು ಹೊಕ್ಕ ಹಟ್ಟಿಯಲ್ಲಿ ದನ ಉಳಿಯುವುದೇ ಅಪರೂಪವಾಗಿತ್ತು. ದನ ಹೋದರೆ ಉಳುಮೆ ಹೋಯಿತು, ಗೊಬ್ಬರ ಹೋಯಿತು, ಮನೆಯ ಹಾಲೂ ಹೋಯಿತು. ಹಿಮಾಲಯದ ಮುಕ್ತೇಶ್ವರದ ಪ್ರಯೋಗಶಾಲೆಯಲ್ಲಿ 1920ರ ದಶಕದಲ್ಲಿ ಜೆ. ಟಿ. ಎಡ್ವರ್ಡ್ಸ್ ಎಂಬಾತ ಈ ವೈರಸ್ಸನ್ನು ಆಡಿನಿಂದ ಆಡಿಗೆ ದಾಟಿಸುತ್ತ ಅದರ ವಿಷವನ್ನು ಕುಗ್ಗಿಸಿ ಚುಚ್ಚುಮದ್ದಿಗೆ ದಾರಿ ಮಾಡಿದ. 1954ರಲ್ಲಿ ಭಾರತ ಸರ್ಕಾರ ರಾಷ್ಟ್ರವ್ಯಾಪಿ ನಿರ್ಮೂಲನ ಯೋಜನೆಯನ್ನು ಹೂಡಿತು.

ಯೋಜನೆಯನ್ನು ಹೂಡಿದ್ದು ದಿಲ್ಲಿ. ಹಳ್ಳಿಗೆ ಒಯ್ದವರು ಯಾರು? ಮಂಜುಗಡ್ಡೆಯೊಳಗೆ ಮದ್ದನ್ನು ಕಾಪಾಡಿಕೊಂಡು, ಕರಗಿಸಿದ ಮೇಲೆ ಬಿಸಿಲಿಗೆ ಕೆಡುವ ಮುನ್ನ ಮುಗಿಸಬೇಕೆಂಬ ಧಾವಂತದಲ್ಲಿ, ಸೈಕಲ್ಲಿನ ಮೇಲೆ, ಕಾಲುದಾರಿಯಲ್ಲಿ, ಹಟ್ಟಿಯಿಂದ ಹಟ್ಟಿಗೆ ಹೋದವರಲ್ಲಿ ವೈದ್ಯರೂ ಇದ್ದರು, ಅವರ ಜೊತೆಯಲ್ಲಿ ಸಾವಿರಾರು ಸ್ಟಾಕ್‌ಮನ್ನರೂ ಇದ್ದರು. ಚುಚ್ಚಿಸಿದರೆ ಹಾಲು ಬತ್ತುತ್ತದೆ ಎಂದು ಹೆದರಿ ದನಗಳನ್ನು ಗುಡ್ಡಕ್ಕಟ್ಟಿದ ರೈತನ ಮನೆಯ ಜಗಲಿಯ ಮೇಲೆ ಕುಳಿತು, ನೀರು ಕೇಳಿ ಕುಡಿದು, ಮಾತಾಡಿ, ಒಪ್ಪಿಸಿದವರು ಅವರು. ಭಾರತದಲ್ಲಿ ಆ ರೋಗ ಕಡೆಯ ಬಾರಿ ಕಂಡದ್ದು 1995ರಲ್ಲಿ. 2006ರಲ್ಲಿ ನಮ್ಮ ದೇಶ ಅದರ ಸೋಂಕಿನಿಂದ ಮುಕ್ತವೆಂದು ಅಂತರರಾಷ್ಟ್ರೀಯ ಮನ್ನಣೆ ಬಂತು. 2011ರಲ್ಲಿ ಇಡೀ ಲೋಕದಿಂದಲೇ ಅದು ನಿರ್ಮೂಲವಾಯಿತೆಂದು ಸಾರಲಾಯಿತು. ಮಾನವ ಪ್ರಯತ್ನದಿಂದ ಭೂಮಿಯಿಂದಲೇ ತೊಲಗಿದ ರೋಗಗಳು ಎರಡೇ: ಮನುಷ್ಯರ ಸಿಡುಬು, ದನಗಳ ದೊಡ್ಡ ರೋಗ. ಎರಡನೆಯದರ ಚರಿತ್ರೆಯಲ್ಲಿ ವಿಜ್ಞಾನಿಗಳ ಹೆಸರುಗಳುಂಟು. ಸೈಕಲ್ಲು ತುಳಿದವರ ಹೆಸರನ್ನು ಬರೆದಿಟ್ಟವರು ವಿರಳ.

ಇಂಗ್ಲೆಂಡಿನಲ್ಲಿ ದಾದಿಗೆ ಹೆಸರು ಸಿಕ್ಕ ಅದೇ 1984ರಲ್ಲಿ ನಮ್ಮಲ್ಲಿ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯಿದೆ ಬಂತು. ನೋಂದಾಯಿತ ವೈದ್ಯರಲ್ಲದವರು ಪಶುವೈದ್ಯ ಮಾಡಕೂಡದೆಂದು ಅದು ವಿಧಿಸಿತು, ಅದು ನ್ಯಾಯವೇ. ಜೊತೆಗೆ 30ನೆಯ ಪ್ರಕರಣದಲ್ಲಿ ಒಂದು ಸಣ್ಣ ಬಾಗಿಲನ್ನೂ ಇಟ್ಟಿತು. ಡಿಪ್ಲೊಮಾ ಅಥವಾ ಸರ್ಟಿಫಿಕೇಟು ಪಡೆದ ಸ್ಟಾಕ್‌ಮನ್ ಮೊದಲಾದವರು ರಾಜ್ಯ ಸರ್ಕಾರದ ಅನುಮತಿಯಿಂದ, ವೈದ್ಯರ ಮೇಲ್ವಿಚಾರಣೆಯಲ್ಲಿ, ಚುಚ್ಚುಮದ್ದು ಹಾಕುವುದು, ಬೀಜ ಒಡೆಯುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಮುಂತಾದ "ಕಿರು ಪಶುವೈದ್ಯ ಸೇವೆ"ಗಳನ್ನು ಮಾಡಬಹುದು. ಕಾನೂನಿನ ಅಳತೆಯಲ್ಲಿ ಅದು ಕಿರು ಸೇವೆ ಇರಬಹುದು. ಅಂಥ ಕಿರು ಸೇವೆಯೇ ದೊಡ್ಡ ರೋಗವನ್ನು ಓಡಿಸಲು ನೆರವಾಯಿತು. ನಮ್ಮ ರಾಜ್ಯದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾನಿಲಯಕ್ಕೆ ಸೇರಿದ ಪಾಲಿಟೆಕ್ನಿಕ್‌ಗಳು ಪಶುಸಂಗೋಪನೆಯ ಡಿಪ್ಲೊಮಾ ಕಲಿಸುತ್ತವೆ, ಎಸ್.ಎಸ್.ಎಲ್.ಸಿ. ಮುಗಿಸಿದ ಹಳ್ಳಿಯ ಹುಡುಗ ಹುಡುಗಿಯರಿಗೆ ಅದೊಂದು ದಾರಿ. ನಗರಗಳ ಪ್ರಾಣಿ ಚಿಕಿತ್ಸಾಲಯಗಳಲ್ಲಿ ಶಸ್ತ್ರಚಿಕಿತ್ಸೆಯ ಮೇಜಿನ ಪಕ್ಕ ನಿಲ್ಲುವವರು ಮಾತ್ರ ಬಹುಮಟ್ಟಿಗೆ ಕೆಲಸ ಮಾಡುತ್ತಲೇ ಕಲಿತವರು.

ನಿಮ್ಮ ಮನೆಯ ಮಗಳೋ ಮಗನೋ ಒಂದು ದಿನ ಬಂದು, "ನಾನು ಪ್ರಾಣಿಗಳ ಶುಶ್ರೂಷೆ ಕಲಿಯುತ್ತೇನೆ" ಎಂದರೆ ನಗಬೇಡಿ. ಒಂದೇ ಮಾತು ಕೇಳಿ: "ಪ್ರಾಣಿ ಕಂಡರೆ ನಿನಗೆ ಮುದ್ದೋ, ಅದರ ಹೇಸಿಗೆಯನ್ನೂ ಬಳಿಯಬಲ್ಲೆಯೋ?" ಮುದ್ದು ಎಲ್ಲರಿಗೂ ಬರುತ್ತದೆ, ನಡುರಾತ್ರಿ ಎದ್ದು ಮಗ್ಗುಲು ಬದಲಾಯಿಸುವ ತಾಳ್ಮೆ ಕೆಲವರಿಗೇ ಬರುತ್ತದೆ. ಅದು ಉಂಟೆಂದಾದರೆ ಹರಸಿ ಕಳಿಸಿ.

ಮುಂದೆ ಎಂದಾದರೂ ನಿಮ್ಮ ಹಸುವನ್ನೋ ನಾಯಿಯನ್ನೋ ಆಸ್ಪತ್ರೆಗೆ ಕರೆದೊಯ್ದಾಗ, ಡಾಕ್ಟರಿಗೆ ಕೈಮುಗಿದು ಹಿಂದಿರುಗುವ ಮುನ್ನ ಪಕ್ಕದಲ್ಲಿ ಪಟ್ಟಿ ಕಟ್ಟಿದವರ ಕಡೆಗೂ ತಿರುಗಿ ನೋಡಿ, ಅವರ ಹೆಸರು ಕೇಳಿ. ಕೌಟಿಲ್ಯನ ಪಟ್ಟಿಯ ಕಡೆಯವನಾದ ಆ ಔಪಶಾಯಿಕ, ಆನೆಯ ಬಳಿ ಮಲಗಿ ಅದರ ಉಸಿರನ್ನು ಆಲಿಸುತ್ತಿದ್ದವನು, ಇಂದಿಗೂ ಎಚ್ಚರವಾಗಿಯೇ ಇದ್ದಾನೆ.